ನೀರು ನಿಲ್ಲಿಸುವವನ ಪಾತ್ರ

ಹುಕ್ಕೇರಿ
೧ ಫೆಬ್ರುವರಿ ೧೯೯೯, ಸೋಮವಾರ

ಗೆಳೆಯ ಲಗಮಪ್ಪನಿಗೆ ಜಿನಪ್ಪನ ಜೈ ಜಿನೇಂದ್ರ.

ನಿನ್ನೆ ರವಿವಾರ ‘ಎಂಟು ದಿಕ್ಕಿನವರು’ ಧಾರಾವಾಹಿಯ ಐದನೆಯ ಕಂತು ನೋಡಿದೆವು. ಪಡಸಾಲೆಯಲ್ಲಿ ಕೂಡ್ರಲು ಜಾಗವಿರಲಿಲ್ಲ, ನಮ್ಮ ಬಟ್ಟೆ ಅಂಗಡಿಯಿಂದ ಜಮಖಾನೆ ತಂದು ಹಾಸಬೇಕಾಯಿತು. ಬಾಜೂ ಮನೆಯ ಸುಂದ್ರವ್ವ ಸೊಸೆಯಂದಿರನ್ನು ಕರೆದುಕೊಂಡು ಬಹಳ ಮೊದಲೇ ಬಂದು ಗೋಡೆಗೆ ಆತು ಕೂತಿದ್ದಳು. ಕಂತು ಮುಗಿದ ಕೂಡಲೇ ಎಲ್ಲರೂ ನನ್ನ ಕಡೆ ತಿರುಗಿದರು. ಇಷ್ಟು ವರ್ಷ ನಮ್ಮ ನಾಟಕ ಮಂಡಳಿಯಲ್ಲಿ ರಾಜನ ಪಾರ್ಟು ಮಾಡಿದವನು ಏನು ಹೇಳುತ್ತಾನೆ ಎಂದು ಅವರಿಗೆ ಕುತೂಹಲ. ಅವರಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ಗೋಕಾಕಿಗೆ ಬಂದು ಹೇಳಬಹುದಿತ್ತು, ದಾರಿ ದೊಡ್ಡದಲ್ಲ. ಫೋನು ಮಾಡಬಹುದಿತ್ತು. ಆದರೆ ಬಾಯಿಂದ ಆಡುವಾಗ ನಾನು ಬೇಕಾದ್ದಕ್ಕಿಂತ ಹೆಚ್ಚು ಹೇಳಿಬಿಡುತ್ತೇನೆ. ಬರೆಯುವಾಗ ಹಾಗಾಗುವುದಿಲ್ಲ.

ಎಲ್ಲರಿಗಿಂತ ಮೇಲು ಗುಡ್ಡವ್ವ. ಯಾರ ಕಣ್ಣಿಗೂ ಬೀಳದಂತೆ ಆಗುವ ಶಕ್ತಿ ಆಕೆಯ ಪಾತ್ರಕ್ಕೆ. ಆಕೆಯನ್ನು ಹೊಗೆ ಮಾಡಿ ತೋರಿಸುತ್ತಾರೆ, ಅದು ಟಿವಿಯವರ ಕೆಲಸ. ಆಕೆಯ ಕೆಲಸ ಬೇರೆ. ಮಾಯವಾಗುವ ಮೊದಲು ಆಕೆ ಕೈ ಆಡಿಸುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಬೀಗರಿಗೆ ನೀರು ಕೊಟ್ಟು ಹಿಂದೆ ಸರಿಯುವ ಮನೆಯ ಹಿರಿ ಹೆಂಗಸಿನಂತೆ ಸುಮ್ಮನೆ ನಡೆಯುತ್ತಾಳೆ. ಅಂಥವರನ್ನು ಯಾರೂ ನೋಡುವುದಿಲ್ಲ. ಹೊಗೆ ಬರುವ ಮೊದಲೇ ನಾನು ಆಕೆಯನ್ನು ಕಳೆದುಕೊಂಡಿದ್ದೆ.

ಮಂದಿಯ ಮನಸ್ಸಿನ ಮಾತು ಕೇಳಿಸಿಕೊಳ್ಳುವ ಹುಡುಗಿ, ಕಾಜಲ್, ಜಾಣೆ. ಎದುರಿನವರು ಮಾತು ಮುಗಿಸಿದ ಮೇಲೆ ಒಂದು ಗಳಿಗೆ ತಡೆದು ಉತ್ತರಿಸುತ್ತಾಳೆ. ಕಿವಿಗೆ ಬಿದ್ದದ್ದಕ್ಕೋ ಮನಸ್ಸಿಗೆ ಕೇಳಿಸಿದ್ದಕ್ಕೋ, ಯಾವುದಕ್ಕೆ ಉತ್ತರಿಸಬೇಕು ಎಂದು ಆರಿಸುವಂತೆ. ಆದರೆ ನಿನ್ನೆ ಎಮ್ಮೆಯ ಮುಂದೆಯೂ ತಡೆದಳು. ಅದು ಚಟವಾಗಬಾರದು.

ಅಂಗೈಯಿಂದ ಬೆಂಕಿ ತೆಗೆಯುವ ಹುಡುಗ ಚೆಲುವ. ಅಷ್ಟೇ. ಕೈಯಲ್ಲಿ ಬೆಂಕಿ ಇರುವವನು ತನ್ನ ಕೈಗೆ ತಾನೇ ಅಂಜಬೇಕು. ಬಾಜೂ ಮನೆಯಿಂದ ಕೆಂಡ ತರುವ ಹೆಂಗಸು ಹೇಗೆ ನಡೆದು ಬರುತ್ತಾಳೆ ಎಂದು ಅವನು ನೋಡಿಲ್ಲ. ಇವನು ಅದೇ ಕೈಯಿಂದ ಕೂದಲು ತೀಡಿಕೊಳ್ಳುತ್ತಾನೆ.

ಹಾರುವವನು, ಗೋಡೆಯೊಳಗಿಂದ ಹಾಯುವ ಅವಳಿಗಳು, ನಾಳೆಯದನ್ನು ಇಂದೇ ಕಾಣುವ ಮಾಸ್ತರ, ಈ ನಾಲ್ವರೂ ಕೊಟ್ಟ ಮಾತು ತಪ್ಪಿಲ್ಲದೆ ಒಪ್ಪಿಸುತ್ತಾರೆ.

ಸುಂದ್ರವ್ವ ನಡುವೆ ಕೇಳಿದಳು, “ಅವರು ಗೋಕಾಕ ಧಬಧಬಿ ಮುಂದ ಮಂದೀನ್ನ ಆರಿಸುವಾಗ ನೀವೂ ಲಗಮಪ್ಪನ ಜೋಡಿ ಹೋಗಿದ್ರಲ್ಲ? ನಿಮ್ಮನ್ಯಾಕ ತೊಗೊಳ್ಳಿಲ್ಲರಿ?” ಅವರು ನನ್ನನ್ನು ಏನೂ ಕೇಳಲೇ ಇಲ್ಲ ಎಂದೆ. ಅದು ಪೂರ್ತಿ ಖರೆಯಲ್ಲ. ಆ ದಿನ ಜಲಪಾತದ ಮುಂದೆ ನನಗೂ ಒಂದು ಮಾತು ಹೇಳಿದ್ದರು, ನಿನಗೆ ನೆನಪಿರಬಹುದು. “ನೀವು ಸ್ವಲ್ಪ ಬಾಜೂ ಸರೀರಿ, ನಿಮ್ಮ ನೆರಳು ಅವರ ಮ್ಯಾಲೆ ಬೀಳಾಕತ್ತೈತಿ.”

ನಾನು ಸರಿದೆ.

ದಡ್ಡಿಗೆ ಹೋದಾಗ ನಿನ್ನ ಮನೆಗೆ ಹೋಗಿ ಭರಮವ್ವನನ್ನು ಮಾತಾಡಿಸಿ ಬರುತ್ತೇನೆ.

ನಿನ್ನ
ಜಿನಪ್ಪ


ಗೋಕಾಕ
೧೨ ಫೆಬ್ರುವರಿ ೧೯೯೯

ಜಿನಪ್ಪಣ್ಣಗ ಲಗಮನ ನಮಸ್ಕಾರ.

ನಿನ್ನ ಕಾಗದ ಗುಡ್ಡವ್ವಗ ಓದಿ ಹೇಳಿದ್ನಿ. ಆಕಿ ಸೆರಗಿನಿಂದ ಕಣ್ಣು ಒರಿಸಿಕೊಂಡು, “ನಾಟಕ ಕಂಪನ್ಯಾಗ ಹುಟ್ಟಿ ಕಂಪನ್ಯಾಗ ಮುದುಕಿ ಆದ್ನಿ ತಮ್ಮಾ, ಹಿಂಗ ನೋಡಿದವರು ಒಬ್ಬರೂ ಇರಲಿಲ್ಲ” ಅಂದ್ಳು. ಕಾಜಲ್ ಎಮ್ಮಿ ಮಾತಿಗೆ ಹೊಟ್ಟಿ ಹಿಡಕೊಂಡು ನಕ್ಕಳು, ಆದರ ಆವತ್ತಿನಿಂದ ಸುಮ್ಮ ಸುಮ್ಮನ ತಡಿಯೂದು ಬಿಟ್ಟಾಳ. ಬೆಂಕಿ ಹುಡುಗಗ ಸಿಟ್ಟು ಬಂದೈತಿ. “ಯಾರವ ನಿಮ್ಮ ಅರಬಿ ಅಂಗಡಿಯಾಂವ?” ಅಂತ ಕೇಳಿದ. ಕೇಳಿದ್ದು ಕೇಳಿದ, ಮರುದಿನ ಕೂದಲಿಗೆ ಕೈ ಹಚ್ಚಲಿಲ್ಲ!

ನಾವೆಲ್ಲಾ ಇಲ್ಲೆ ಧಬಧಬಿ ಹತ್ತರ ಒಂದು ಹಳೇ ಮನ್ಯಾಗ ಇರ್ತೀವಿ. ಫೋನ್ ಐತಿ, ಆದರ ಮ್ಯಾನೇಜರ್ ಮುಂದ ನಿಂತು ಮಾತಾಡಬೇಕು. ಅದಕ್ಕ ನಾನೂ ಬರಿಯಾಕತ್ತೇನಿ. ಸಂಕೇಶ್ವರದ ಕೇದಾರಿ ಅಂತ ಒಬ್ಬ ಹುಡುಗ ಅಸಿಸ್ಟಂಟ್ ಆಗ್ಯಾನ, ಅಂವ ನಿನ್ನ ಕಾಗದ ಇಸಗೊಂಡು ಹೋಗಿ ಡೈರೆಕ್ಟರ್ ಬಾಯಾರಿಗೆ ತೋರಿಸಿದ. ನಮ್ಮ ಡೈರೆಕ್ಟರ್ ಹೆಣ್ಣಮಗಳು, ಅವರೂ ಓದಿದ್ರಂತ.

ನನ್ನ ಕೆಲಸ ನೋಡಿದ್ರ ನೀ ನಗ್ತಿ. ಒಂದು ನೀಲಿ ಅರಬಿ ಕಟ್ಟಿರ್ತಾರ. ನೀರು ನಿಲ್ಲಸೂ ಶಕ್ತಿ ನಂದು, ಅದರ ಮುಂದ ನಾ ಕೈ ಮಾಡಿ ನಿಲ್ಲಬೇಕು. ಹೊಳಿ ಬರಾಕತ್ತೈತಿ ಅಂತ ತಿಳಕೋರಿ ಅಂತಾರ. ಹೊಳಿ ಆಮ್ಯಾಲೆ ಚೆನ್ನೈದಾಗ ಹಾಕ್ತಾರಂತ.

ಆದರ ಅಣ್ಣಾ, ನಿನ್ನ ಕಾಗದ ಹಿಂದ ಮುಂದ ತಿರುವಿ ನೋಡಿದ್ನಿ. ಏಳು ಮಂದಿ ಬಗ್ಗೆ ಬರದಿ. ನಾವು ಎಂಟು ಮಂದಿ ಅದೀವಲ್ಲೋ. ಎಂಟನೇದಾಂವ ಎಲ್ಲಿ ಹೋದ? ಗುಡ್ಡವ್ವನ ಶಕ್ತಿ ನನಗೂ ಬಂತೇನು?

ಮುಂದಿನ ಕಾಗದದಾಗ ನನ್ನನ್ನೂ ಬೈಯಿ.

ನಿನ್ನ
ಲಗಮಪ್ಪ


ಹುಕ್ಕೇರಿ
೧೫ ಮಾರ್ಚ್ ೧೯೯೯

ಲಗಮಪ್ಪ,

ಮೂಡಲಗಿಯಲ್ಲಿ ನಿನಗೆ ಆದ ಸತ್ಕಾರದ ನಂತರ ಮಾತಾಡಲು ಸಮಯ ಸಿಗಲಿಲ್ಲ. ನಿನ್ನನ್ನು ಜೀಪಿನಲ್ಲಿ ಕರೆದೊಯ್ದರು. ನಾನು ಸಂಜೆಯ ಬಸ್ಸಿಗೆ ಬಂದೆ.

ಅದೇ ಕಟ್ಟೆಯ ಮೇಲೆ ನಾನು ಎಷ್ಟು ಸಲ ರಾಜನಾಗಿ ನಿಂತಿದ್ದೇನೆ, ಬಾಜೂಕ್ಕೆ ನೀನು ಮಂತ್ರಿಯಾಗಿ ಕೈಕಟ್ಟಿ ನಿಂತಿದ್ದಿ, ಮೂಡಲಗಿಯವರಿಗೆ ಗೊತ್ತು. ಮೈಕು ಹಿಡಿದವ ಹೊಸಬ. “ಲಗಮಪ್ಪನವರಿಗೆ ಫೇಟಾ ಸುತ್ತಾಕ ಅವರ ಜೋಡೀದಾರರು, ಹುಕ್ಕೇರಿ ಅರಬಿ ಅಂಗಡಿ ಸಾವಕಾರ್ರು ಬರಬೇಕು” ಎಂದ. ಹೆಸರು ಹೇಳಲಿಲ್ಲ. ನಾಟಕದಲ್ಲಿ ಎಲ್ಲರಿಗೂ ಫೇಟಾ ಸುತ್ತುತ್ತಿದ್ದವನು ನಾನೇ, ಹೀಗಾಗಿ ನನಗೆ ಅದು ಹೊಸದಲ್ಲ. ಸುತ್ತುವಾಗ ಬಿಗಿಯಾಯಿತೇ ಎಂದು ಕೇಳಿದೆ. ಇಲ್ಲ ಎಂದೆ ನೀನು. ಬಿಗಿಯಾಗಿತ್ತು. ನನ್ನ ಕೈಗೆ ಗೊತ್ತಾಗಿತ್ತು.

ಧಾರಾವಾಹಿಯ ವಿಷಯ. ಬೆಂಕಿ ಹುಡುಗ ಸುಧಾರಿಸಿದ್ದಾನೆ. ಈಗ ಅಂಗೈಗಳನ್ನು ಮೈಯಿಂದ ದೂರ ಹಿಡಿಯುತ್ತಾನೆ, ತೋಯ್ದ ಅಂಗಿ ಹಿಡಿದಂತೆ. ಕಾಜಲ್ ತಾಯಿಯ ಮನಸ್ಸು ಓದುವ ಸೀನಿನಲ್ಲಿ ತಾಯಿಯ ಮುಖ ನೋಡದೆ ಆಕೆಯ ಕೈಬಳೆ ನೋಡಿದಳು. ಅದನ್ನು ಯಾರು ಹೇಳಿಕೊಟ್ಟರೋ, ಅವಳಿಗೇ ಹೊಳೆದಿದ್ದರೆ ಬಹಳ ದೂರ ಹೋಗುತ್ತಾಳೆ. ನಾಳೆಯದನ್ನು ಕಾಣುವ ಮಾಸ್ತರ ಒಂದು ತಪ್ಪು ಮಾಡುತ್ತಾನೆ. ಮುಂದೆ ಆಗುವುದು ಗೊತ್ತಿರುವವನು ಬೆರಗಾಗಬಾರದು. ಅವನು ಬಾಗಿಲು ಬಡಿದರೂ ಬೆಚ್ಚುತ್ತಾನೆ.

ನಿನ್ನ ಬಗ್ಗೆ ಕೇಳಿದ್ದಿ. ನೀನು ತೊಡುವ ಅಂಗಿಯ ಬಣ್ಣ ಟಿವಿಯಲ್ಲಿ ಚಲೋ ಕಾಣುತ್ತದೆ. ಅದು ನಮ್ಮ ಅಂಗಡಿಯ ಬಟ್ಟೆ ಅಲ್ಲವೇ?

ಅಂಗಡಿಗೆ ಬಂದವರು ಮೊದಲು ನಿನ್ನನ್ನು ಕೇಳುತ್ತಾರೆ, ಆಮೇಲೆ ಧೋತರ. ಚಹಾದ ಉದ್ದಪ್ಪ ಗಿರಾಕಿಗಳ ಎದುರಿಗೇ, “ರಾಜಾ ಇಲ್ಲೇ ಉಳದ, ಮಂತ್ರಿ ಹಾರಿ ಹೋದ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಚಹಾ ಈಗ ಮನೆಯಿಂದಲೇ ತರಿಸುತ್ತೇನೆ.

ಹೋದ ವಾರ ದಡ್ಡಿಗೆ ಹೋಗಿದ್ದೆ. ಭರಮವ್ವ ಕಬ್ಬಿಗೆ ನೀರು ಹಾಯಿಸುತ್ತಿದ್ದಳು. ನಿರಿಗೆ ಎತ್ತಿ ಸಿಕ್ಕಿಸಿಕೊಂಡು, ಬಗ್ಗಿ, ಹಿಮ್ಮಡದಿಂದ ಕೆಸರು ಒತ್ತಿ ಕಾಲುವೆಯ ನೀರು ಕಟ್ಟಿದಳು. ನಾನು ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದೆ. “ಏನ್ ನೋಡಾಕತ್ತೀರಿ ಸಾವಕಾರ್ರ, ನೀರು ಕಂಡಿಲ್ಲೇನು?” ಎಂದಳು. ಏನಿಲ್ಲ ಎಂದೆ.

ಆಕೆ ಚೆನ್ನಾಗಿದ್ದಾಳೆ. ಚಿಂತೆ ಬೇಡ.

ಜಿನಪ್ಪ


ಗೋಕಾಕ
೧೧ ಏಪ್ರಿಲ್ ೧೯೯೯

ಜಿನಪ್ಪಣ್ಣ,

ಈ ಸಲ ನಗಿ ಚಾಷ್ಟಿ ಇಲ್ಲ.

ನನ್ನ ಪಾರ್ಟು ಹೋಗೂ ಹಂಗ ಕಾಣಸ್ತೈತಿ. ಡೈರೆಕ್ಟರ್ ಬಾಯಾರು ಮೈಸೂರು ಕಡೆಯವರು, ಸಿಟ್ಟಿಗೇಳೂದಿಲ್ಲ. ಅದಾ ಕೆಟ್ಟ. ನಾ ಕೈ ಮುಂದ ಮಾಡಿ ನಿಂತ್ರ ಸಾವಕಾಶ ಹತ್ತರ ಬಂದು, “ಲಗಮಪ್ಪನವರೇ, ನೀವು ನೀರು ನಿಲ್ಲಿಸ್ತಿದ್ದೀರಾ, ಇಲ್ಲ ನಿಲ್ಲಿಸೋ ಹಾಗೆ ತೋರಿಸ್ತಿದ್ದೀರಾ?” ಅಂತ ಕೇಳ್ತಾರ. ಎರಡಕ್ಕೂ ಫರಕ ಏನಂತ ನನಗ ತಿಳಿಯೂದಿಲ್ಲ. ನಮ್ಮ ಮಂಡಳ್ಯಾಗ ನೀ ಹಿಂಗ ನಿಲ್ಲು ಅಂದ್ರ ಹಂಗ ನಿಂತೇನಿ. ನನಗ ನಾನಾಗಿ ನಿಲ್ಲೂದು ಗೊತ್ತಿಲ್ಲ.

ಮುಂದಿನ ತಿಂಗಳು ಮಹಾಪೂರದ ಸೀನು ಐತಿ. ಊರು ಮುಳಗಸಾಕ ಹೊಳಿ ಬರ್ತದ, ನಾ ನಿಲ್ಲಸಬೇಕು. ಬ್ಯಾಸಗ್ಯಾಗ ಧಬಧಬಿಯೊಳಗ ಹನಿ ನೀರಿಲ್ಲ, ಬರೇ ಕಲ್ಲು. ಕಲ್ಲಿನ ಮುಂದ ನಿಂತು ಮಹಾಪೂರ ನಿಲ್ಲಸಬೇಕು. ಅದು ಆಗಲಿಲ್ಲಂದ್ರ ಏನ್ ಮಾಡ್ತಾರ ಗೊತ್ತೇನು? ನಾ ನೀರಾಗ ಮುಳುಗಿ ಬ್ಯಾರೆ ಮುಖಾ, ಬ್ಯಾರೆ ಮಾರಿ ಹೊತ್ತು ಎದ್ದು ಬರ್ತೀನಂತ. ಶಕ್ತಿ ಅದಾ, ಹೆಸರು ಅದಾ, ಮಾರಿ ಮಾತ್ರ ಇನ್ನೊಬ್ಬಂದು. ಅಂದ್ರ ನಟ ಇನ್ನೊಬ್ಬ. ಈ ಧಾರಾವಾಹ್ಯಾಗ ಏನು ಬೇಕಾದ್ದು ನಡೀತದ.

ಆ ಇನ್ನೊಬ್ಬ ಯಾರು ಅಂತ ಕೇಳು. ಕೇದಾರಿ ನನ್ನ ಹಂತ್ಯಾಕ ಬಂದು, “ಅವತ್ತ ನಿಮ್ಮ ಜೋಡಿ ಬಂದಿದ್ರಲ್ಲ, ಎತ್ತರ ಆಳು, ಆ ಕಾಗದದ ಸಾವಕಾರ್ರು. ಅವರ ವಿಳಾಸ ಕೊಡ್ರಿ, ಬಾಯಾರು ಒಂದ ಸಲ ನೋಡ್ತಾರಂತ” ಅಂದ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಕೊಟ್ನಿ. ಕಾರ್ಡು ಬಂದಿರಬೇಕು ನಿನಗ.

ಕರದ್ರ ನೀ ಬರಬ್ಯಾಡ ಅಂತ ನಾ ಅನ್ನಂಗಿಲ್ಲ. ಆದರ ಮೊದಲ ನನಗ ಒಂದ ಮಾತು ಹೇಳು. ಭರಮವ್ವಗ ಈಗ ಬಸ್ಸಿನ್ಯಾಗ ಮಂದಿ ಎದ್ದು ಸೀಟು ಬಿಟ್ಟು ಕೊಡ್ತಾರಂತ. ನಾ ಮಾರಿ ಕಳಕೊಂಡು ದಡ್ಡಿಗೆ ಹೋದ್ರ ಆಕಿನ್ನ ನೋಡಿ ನಗ್ತಾರ. ಬ್ಯಾರೆಯವರ ಕೈಬಳಿ ತನಕ ನೋಡಾಂವ ನೀ. ನನ್ನ ತಪ್ಪು ನಿನಗ ಕಂಡಿಲ್ಲಂದ್ರ ನಾ ನಂಬೂದಿಲ್ಲ. ಏನದು? ಹೇಳಿಬಿಡು.

ನಿನ್ನ
ಲಗಮ


ಹುಕ್ಕೇರಿ
೧೯ ಏಪ್ರಿಲ್ ೧೯೯೯

ಲಗಮಪ್ಪ,

ಕಾಗದ ಮುಟ್ಟಿತು. ಉತ್ತರವನ್ನು ಒಮ್ಮೆ ಬರೆದು ಹರಿದು ಹಾಕಿದೆ. ಇದು ಎರಡನೆಯದು.

ಅಭಿನಯ ಕಾಗದದಲ್ಲಿ ಹೇಳಿಕೊಡುವ ವಸ್ತುವಲ್ಲ. ಆದರೂ ಕೇಳಿದ್ದಕ್ಕೆ ಹೇಳುತ್ತೇನೆ. ನೀನು ಸಣ್ಣದಾಗಿ ಮಾಡುತ್ತಿದ್ದಿ. ಹೊಳೆ ದೊಡ್ಡದು, ನೀನು ಅದಕ್ಕಿಂತ ದೊಡ್ಡವನಾಗಿ ಕಾಣಬೇಕು. ಎದೆ ಮುಂದೆ ಮಾಡು. ಎರಡೂ ಕೈ ತಲೆಗಿಂತ ಮೇಲೆ ಎತ್ತು. “ನಿಲ್ಲು” ಎನ್ನುವಾಗ ದನಿ ಏರಿಸು, ಕಡೇ ಸಾಲಿನಲ್ಲಿ ಕೂತವನಿಗೂ ಮುಟ್ಟುವಂತೆ. ನಾವು ನಾಟಕದಲ್ಲಿ ಮಾಡುತ್ತಿದ್ದದ್ದು ಹಾಗೆಯೇ ಅಲ್ಲವೇ?

ಗುಡ್ಡವ್ವನಿಗೆ ನಮಸ್ಕಾರ ತಿಳಿಸು. ನಿನ್ನೆ ಆಕೆ ಮಾಯವಾದಾಗ ನಮ್ಮ ಮನೆಯಾಕೆ ಇಂದುಬಾಯಿ, “ಇದರಾಗೇನ್ ಶಕ್ತಿ ಐತ್ರಿ? ನಾ ದಿನಾ ಮಾಡ್ತೀನಿ” ಎಂದಳು.

ಇನ್ನು, ಮದುವೆ ಸೀಜನ್ನಿಗೆ ಸರಕು ತರಲು ನಾನು ಇಚಲಕರಂಜಿಗೆ ಹೋಗಬೇಕು. ಕೆಲವು ದಿನ ಕಾಗದ ಬರದಿದ್ದರೆ ಬೇರೆ ತಿಳಿಯಬೇಡ.

ಜಿನಪ್ಪ


ಗೋಕಾಕ
೧೪ ಮೇ ೧೯೯೯

ಜಿನಪ್ಪ,

ಇಚಲಕರಂಜಿ ಗೋಕಾಕಕ್ಕ ಯಾವಾಗ ಬಂತು?

ನೀ ಬರ್ತಿ ಅಂತ ಕೇದಾರಿ ಹೇಳಿದ್ದ. ಮೊದಲ ಮನಿಗೆ ಬರ್ತಿ ಅಂತ ನಾ ತಿಳಕೊಂಡಿದ್ನಿ. ಗುಡ್ಡವ್ವ ನಿನಗಂತ ಶೇಂಗಾ ಹೋಳಿಗಿ ಮಾಡಿಟ್ಟಿದ್ಳು. ದಾರಿ ನೋಡಿ ನೋಡಿ ನಾ ತೂಗುಸೇತುವಿ ಮ್ಯಾಲೆ ಹೋಗಿ ನಿಂತ್ನಿ. ಅಲ್ಲಿಂದ ಕೆಳಗ ಕಲ್ಲಿನ ಮ್ಯಾಲೆ ನೀ ಕಂಡಿ. ಬಿಳೇ ಧೋತರ, ಇಸ್ತ್ರಿ ಅಂಗಿ. ಮುಂದ ಕ್ಯಾಮೆರಾ. ಬಾಯಾರು ಕೊಡಿ ಕೆಳಗ ಕೂತಿದ್ರು.

ನೀ ಎದಿ ಮುಂದ ಮಾಡಲಿಲ್ಲ. ಕೈ ತಲಿಗಿಂತ ಮ್ಯಾಲೆ ಎತ್ತಲಿಲ್ಲ. ದನಿ ಏರಸಲಿಲ್ಲ. ಧೋತರ ಎತ್ತಿ ಕಟ್ಟಿ ಬಗ್ಗಿದಿ. ಕಲ್ಲಿನ ಮ್ಯಾಲೆ ಹಿಮ್ಮಡ ಒತ್ತಿದಿ.

ಅದು ನನ್ನ ಹೊಲದ ಹಿಮ್ಮಡ. ನನ್ನ ಹೆಂಡತಿ ಹಿಮ್ಮಡ. ಅದನ್ನ ನನಗ ಹೇಳಾಕ ಕೇಳಿದ್ರ ನೀ ಕೈ ಎತ್ತು ಅಂದಿ. ಎತ್ತಿದ್ನಿ. ನೀ ಬರೂ ಮೊದಲ ಮಾಡಿದ ಆ ಟೇಕಿಗೆ ಯೂನಿಟ್ ಪೂರಾ ನಕ್ಕತು. ಬೆಂಕಿ ಹುಡುಗ, “ಕಾಕಾ, ಹುಕ್ಕೇರಿ ಬಸ್ಸು ನಿಲ್ಲಸಾಕತ್ತೀರೇನು?” ಅಂದ. ಬಾಯಾರು ನಗಲಿಲ್ಲ. ಆ ದಿನದ ಶೂಟಿಂಗ್ ಮುಗಸಿ ಬಿಟ್ರು.

ನಿನಗ ಈ ಪಾರ್ಟು ಬೇಕಿತ್ತಂದ್ರ ನನ್ನ ಕೇಳಬೇಕಿತ್ತು. ಕೇಳಿದ್ರ ಕೊಡ್ತಿದ್ನೋ ಇಲ್ಲೋ ಗೊತ್ತಿಲ್ಲ. ಆದರ ಕೇಳಬೇಕಿತ್ತು.

ಇಷ್ಟು ದಿನ ನೀ ಎಲ್ಲಾರ ಅಭಿನಯ ಅಳದಿ. ಈಗ ನಿಂದು ನಾ ಹೇಳ್ತೀನಿ ಕೇಳು. ಸೇತುವಿ ಮ್ಯಾಲಿಂದ ಎಲ್ಲಾ ಸ್ವಚ್ಛ ಕಾಣಸ್ತದ. ನೀ ಭರಮವ್ವನ್ನ ನೋಡಿ ಕಲ್ತಿ, ಆದರ ಅರ್ಧ ನೋಡಿದಿ. ನೀ ನೇರ ಹಿಮ್ಮಡ ಇಟ್ಟಿ. ಹರಿಯೂ ನೀರು ಹಂಗ ಕಟ್ಟಿದ್ರ ಏನಾಗ್ತದ? ಏರಿ ಬದು ಒಡೀತದ, ಕಬ್ಬು ಹೋಗ್ತದ. ನೀರು ಹಾಯಿಸಾಂವ ಮೊದಲ ಹೊಸ ದಾರಿ ಬಿಡ್ತಾನ. ಮುಂದಿನ ಮಡಿಗೆ ನೀರು ಹೋಗೂ ಬಾಯಿ ತಗೀತಾನ. ನೀರು ಅತ್ತಾಗ ಮಾರಿ ತಿರುವೇತೋ ಇಲ್ಲೋ ನೋಡ್ತಾನ. ಆಮ್ಯಾಲೆ ಹಿಂದಿಂದು ಕಟ್ತಾನ. ನೀರಿಗೆ ನಿಲ್ಲು ಅಂದ್ರ ನಿಲ್ಲಂಗಿಲ್ಲಪಾ. ಹೋಗಾಕ ಜಾಗಾ ಕೊಡಬೇಕು. ಕೊಟ್ಟ ಮ್ಯಾಲೆ ಬಿಟ್ಟು ಬಾ ಅನಬೇಕು.

ಬಾಯಾರು ಹೊಲ ಮಾಡಿದವರಲ್ಲ. ಆದರೂ ನೀ ಹೋದ ಮ್ಯಾಲೆ ಕೇದಾರಿಗೆ, “ಎತ್ತರ ಇದೆ, ದನಿ ಇದೆ, ಆದರೆ ಆ ಕಾಲು ಅವರದಲ್ಲ” ಅಂದ್ರಂತ.

ನೀ ತಪ್ಪು ಮಾಡಿದ್ದು ನೋಡಿದ ಮ್ಯಾಲೇ ನನಗ ತಿಳೀತು. ಇಲ್ಲೀತನಕ ನಾ ನಾಟಕ ಅಂದ್ರ ಹೊಲ ಬಿಟ್ಟು ಬರೂದು, ಕಾಲು ತೊಳಕೊಂಡು ಬರೂದು ಅಂತ ತಿಳದಿದ್ನಿ. ಸೇತುವಿ ಇಳದು ಬಾಯಾರ ಹಂತ್ಯಾಕ ಹೋಗಿ, ಇನ್ನೊಂದ ಸಲ ಮಾಡ್ತೀನ್ರಿ ಅಂದ್ನಿ. ಮರುದಿನ ಮುಂಜಾನೆ ಮಾಡಿದ್ನಿ. ಕಾಲಾಗಿನ ಮೆಟ್ಟು ತಗದು ಮೊದಲ ಸುತ್ತ ನೋಡಿದ್ನಿ, ಈ ನೀರು ಊರು ಬಿಟ್ಟು ಎಲ್ಲಿ ಹೋದೀತು ಅಂತ. ಬಲಕ್ಕ ಎರಡು ಕಲ್ಲಿನ ನಡಕ ಒಂದು ಸಂದಿ ಇತ್ತು. ಅದನ್ನ ಕಾಲಿನ ಹೆಬ್ಬಟ್ಟಿನಿಂದ ಕೆರದು ಬಿಟ್ನಿ. ನೀರು ಅತ್ತಾಗ ಹೊಳ್ಳೂ ತನಕ ಕಾಯ್ದ್ನಿ. ಆಮ್ಯಾಲೆ ಹಿಮ್ಮಡ ಇಟ್ನಿ.

ಬಾಯಾರು ಎದ್ದು ಚಾ ಕುಡಿಯಾಕ ಹೋದ್ರು. ಹಿಂದಿಂದ ಕೇದಾರಿ ಓಡಿ ಬಂದು, ಮಾರಿ ಬದಲಿ ಮಾಡೂ ಸೀನಿನ ಹಾಳಿ ಹರದು ಒಗದ್ರು ಅಂದ.

ಪಾರ್ಟು ನನ್ನ ಹಂತ್ಯಾಕ ಉಳೀತು. ಜೂನ್ ಹದಿಮೂರಕ್ಕ ಬರ್ತದ. ನೋಡಿದ್ರ ನೋಡು.

ಲಗಮಪ್ಪ


ಹುಕ್ಕೇರಿ
೧೪ ಜೂನ್ ೧೯೯೯, ಸೋಮವಾರ

ಲಗಮಪ್ಪ,

ನಿನ್ನೆ ನೋಡಿದೆ.

ನೋಡಬಾರದು ಎಂದು ಮುಂಜಾನೆ ನಿಶ್ಚಯಿಸಿದ್ದೆ. ಕೇಬಲ್ ಕೆಟ್ಟಿದೆ ಎಂದು ಹೇಳಿಸಿದೆ. ಸುಂದ್ರವ್ವ ತನ್ನ ಅಳಿಯನನ್ನೇ ಕಂಬ ಹತ್ತಿಸಿ ನೋಡಿಸಿದಳು. ಅವನು ಏನೂ ಕೆಟ್ಟಿಲ್ಲ ಎಂದು ಕೆಳಗಿಳಿದ. ಪಡಸಾಲೆ ತುಂಬಿತು. ನಾನು ಹಿಂದೆ, ಬಾಗಿಲಿಗೆ ಆತು ನಿಂತೆ.

ಮೇ ತಿಂಗಳ ನಿನ್ನ ಕಾಗದ ಮುಟ್ಟಿತು. ಕೈ ಎತ್ತು ಎಂದು ನಾನು ಯಾಕೆ ಬರೆದೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಬಿಡಿಸಿ ಬರೆದು ದೊಡ್ಡವನಾಗಲು ನನಗೆ ಮನಸ್ಸಿಲ್ಲ. ನೀನು ಕೇಳಿದ್ದು ಬೇರೆ. ಫೆಬ್ರುವರಿಯಿಂದ ಒಂದೇ ಕೇಳುತ್ತ ಬಂದಿದ್ದಿ. ಈಗ ಅದನ್ನು ಬರೆಯುತ್ತೇನೆ.

ಮೊದಲು ನಿನ್ನ ಕಣ್ಣುಗಳು ಕೆಳಗೆ ಹೋದವು. ಬರುವ ಹೊಳೆಯನ್ನು ನೀನು ನೋಡಲೇ ಇಲ್ಲ. ಅಂಜಿಕೆ ಇದ್ದವನು ಎದುರಿಗೆ ನೋಡುತ್ತಾನೆ, ಕೆಲಸ ಗೊತ್ತಿದ್ದವನು ಜಾಗ ಹುಡುಕುತ್ತಾನೆ. ನೀನು ಜಾಗ ಹುಡುಕಿದೆ. ಆ ಸಂದಿ ಕಂಡಾಗ ಮುಖದಲ್ಲಿ ಏನೂ ತೋರಿಸಲಿಲ್ಲ, ಬೆನ್ನು ಮಾತ್ರ ಸ್ವಲ್ಪ ಸಡಿಲಾಯಿತು. ಹೆಬ್ಬೆರಳಿನಿಂದ ಕೆರೆದು ಕಾಯ್ದೆಯಲ್ಲ, ಅಲ್ಲಿ ಬೇರೆ ಯಾವ ನಟನಾದರೂ ಅವಸರ ಮಾಡುತ್ತಿದ್ದ. ನಾನು ಮಾಡುತ್ತಿದ್ದೆ. ನೀನು ನೀರಿಗೆ ಬೇಕಾದಷ್ಟು ಹೊತ್ತು ಕೊಟ್ಟೆ. ಚೆನ್ನೈಯವರು ಹಾಕಿದ ಹೊಳೆ ಚಲೋ ಇರಲಿಲ್ಲ, ಸಾಬೂನಿನ ನೊರೆಯ ಹಾಗಿತ್ತು. ಆದರೂ ನಿನ್ನ ಕಾಲ ಹತ್ತಿರ ಬಂದದ್ದು ಖರೇ ನೀರು. ಸುಂದ್ರವ್ವ ಕೂತಲ್ಲೇ ಸೀರೆಯ ಅಂಚು ಎತ್ತಿ ಹಿಡಿದಳು, ತೋಯ್ದೀತು ಎಂದು.

ಹಿಮ್ಮಡ ಇಟ್ಟ ಮೇಲೆ ನೀನು ತಿರುಗಿ ನೋಡಲಿಲ್ಲ. ಹೊಲದಿಂದ ಮನೆಗೆ ಹೋಗುವವನಂತೆ ಸುಮ್ಮನೆ ನಡೆದು ಹೋದೆ. ಊರು ಉಳಿಯಿತು ಎಂದು ನಿನಗೆ ಗೊತ್ತಿತ್ತು, ನಮಗೂ ಗೊತ್ತಾಯಿತು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನೀರು ಕುಡಿಯುವ ನೆವದಿಂದ ಒಳಗೆ ಹೋದೆ. ಇಂದುಬಾಯಿ ಹಿಂದೆಯೇ ಬಂದಳು. “ಹೊರಗ ಮಂದಿ ಕಾಯಾಕತ್ತಾರ. ಏನರೆ ಒಂದ ಮಾತು ಹೇಳಿ ಬರ್ರಿ. ಹೇಳಿದ್ರ ನಿಮ್ಮದೇನ್ ಸವಿಯಾಂಗಿಲ್ಲ” ಎಂದಳು. ಸವೆಯುತ್ತದೆ. ಆಕೆಗೆ ಗೊತ್ತಿಲ್ಲ.

ಹೊರಗೆ ಬಂದು, ಆ ಎಂಟು ಮಂದಿಯಲ್ಲಿ ಇವತ್ತು ಲಗಮಪ್ಪನಷ್ಟು ಚಲೋ ಮಾಡಿದವರು ಯಾರೂ ಇಲ್ಲ ಎಂದೆ. ಅಷ್ಟಕ್ಕೆ ಬಿಡಬಹುದಿತ್ತು. ಚಹಾದ ಉದ್ದಪ್ಪ ಬಿಡಲಿಲ್ಲ.

“ನಿಮಕ್ಕಿಂತಾನೂ ಚೊಲೋ ಏನ್ರಿ ಸಾವಕಾರ್ರ?”

ನನಗಿಂತಲೂ ಎಂದೆ.

ಹೇಳಿದ ಮೇಲೆ ಮನಸ್ಸು ಹಗುರಾಯಿತು ಎಂದು ನೀನು ತಿಳಿಯಬಹುದು. ಆಗಲಿಲ್ಲ. ಇವತ್ತು ಮುಂಜಾನೆ ಅಂಗಡಿಯ ಗಲ್ಲೆಯ ಹಿಂದೆ ನಿಂತು ನಾನೂ ಮಾಡಿ ನೋಡಿದೆ. ಹೆಬ್ಬೆರಳಿನಿಂದ ಕೆರೆದೆ, ಕಾಯ್ದೆ, ಆಮೇಲೆ ಹಿಮ್ಮಡ ಇಟ್ಟೆ. ಈಗ ಕ್ರಮ ಗೊತ್ತಿದೆ, ಒಂದೂ ತಪ್ಪಲಿಲ್ಲ. ಗಿರಾಕಿಯೊಬ್ಬ ಬಗ್ಗಿ ನೋಡಿ, “ಏನರ ಬಿತ್ತೇನ್ರಿ? ಹುಡಕಲ್ಯಾ?” ಎಂದ.

ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿದೆ. ಧಬಧಬೆಯ ಮುಂದೆ ನಿನ್ನನ್ನು ಆರಿಸಿದ ದಿನದಿಂದ ಇದೆ. ಅದು ಹೋಗುತ್ತದೆ ಎಂದು ಬರೆದರೆ ಅದೂ ಒಂದು ಪಾರ್ಟಾದೀತು. ಕೆಲವು ದಿನ ನಾನು ಬರೆಯುವುದಿಲ್ಲ. ನೀನು ಕೆಟ್ಟದಾಗಿ ಮಾಡಿದ್ದರೆ ಇವತ್ತೇ ಬಸ್ಸು ಹತ್ತಿ ಬಂದು, ಪಕ್ಕದಲ್ಲಿ ಕೂತು ನಿನಗೆ ಧೈರ್ಯ ಹೇಳುತ್ತಿದ್ದೆ. ಆ ಕೆಲಸ ನನಗೆ ಚಲೋ ಬರುತ್ತದೆ. ಚಲೋ ಮಾಡಿದವನ ಮುಂದೆ ಬಂದು ಹೇಗೆ ಕೂಡ್ರಬೇಕು, ಅದು ನನಗೆ ಬರುವುದಿಲ್ಲ.

ಜಿನಪ್ಪ


ಗೋಕಾಕ
೩೦ ಜೂನ್ ೧೯೯೯

ಅಣ್ಣಾ,

ನಿನ್ನ ಕಾಗದ ಕೇದಾರಿಗೆ ಕೊಟ್ಟಿಲ್ಲ, ಗುಡ್ಡವ್ವಗೂ ಓದಿ ಹೇಳಿಲ್ಲ. ನಾ ಒಬ್ಬನ ಓದಿದ್ನಿ. ನನಗ ಸಿಟ್ಟು ಇನ್ನೂ ಐತಿ. ಅದು ಇರಲಿ, ಅದರ ಪಾಡಿಗೆ ಅದು.

ಮಳಿ ಹತ್ತೈತಿ. ಧಬಧಬಿಗೆ ಖರೇ ನೀರು ಬಂದೈತಿ, ಈಗ ಯಾರಿಗೂ ಬ್ಯಾಡ ಅದು.

ಈ ರವಿವಾರದ ಕಂತಿನ್ಯಾಗ ಕಾಜಲ್ ನನ್ನ ಮನಸು ಓದ್ತಾಳ, ನಾ ಆಕಿ ಮುಂದ ಅಳಬೇಕು. ಭಾಳ ಕೆಟ್ಟ ಅತ್ತೇನಿ. ಮೂಗು ಕಟ್ಟಿದಾಂವ ಉಸಿರು ಎಳದಂಗ. ನೀರು ಬರಲಿ ಅಂತ ಕಣ್ಣಾಗ ಎಣ್ಣಿ ಹಾಕಿದ್ರು, ಅದು ಗಡ್ಡದ ತನಕ ಇಳೀತು. ಬಾಯಾರಿಗೆ ಮತ್ತ ತಗಿಯಾಕ ಯಾಳ್ಯಾ ಇರಲಿಲ್ಲ, ಹಂಗ ಬಿಟ್ಟಾರ. ಬೆಂಕಿ ಹುಡುಗ ಈಗಿಂದ ನನ್ನಂಗ ಅತ್ತು ತೋರಿಸಿ ಎಲ್ಲಾರನ್ನೂ ನಗಸಾಕತ್ತಾನ.

ಅಷ್ಟು ಕೆಟ್ಟದ್ದು ನಾ ಹುಟ್ಟಿದಾಗಿಂದ ಮಾಡಿಲ್ಲ. ನೋಡು. ನೋಡಿ ಸೋಮವಾರ ಮುಂಜಾನಿ ಬಸ್ಸು ಹತ್ತು. ಊಟಕ್ಕ ನಿನ್ನ ದಾರಿ ನೋಡ್ತೀನಿ.

ಲಗಮ